ಕಣ್ಣಳತೆಯ ದೂರ

"ಯಾರ್ರೀ ಅದು, ನನ್ನ ದೀಪಗಳಿಗೆ ಮುಚ್ಚಳ ಹಾಕಿದ್ದು?"

"ಯಾರ್ರೀ ಅದು, ನನ್ನ ಮುಚ್ಚಳಗಳನ್ನ ಸುಟ್ಟಿದ್ದು?"

ನಮ್ಮಿಬ್ಬರ ಮೊದಲ ಮಾತುಕತೆ ಇಷ್ಟೇ. ಇಬ್ಬರೂ ಒಂದೇ ಉಸಿರಿನಲ್ಲಿ ಕೂಗಿದ್ದರಿಂದ ಜಗಳ ಮೊದಲು ತೆಗೆದವರು ಯಾರು ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ.

ನಮ್ಮದು ಸಣ್ಣ ವಿಮಾನ ನಿಲ್ದಾಣ. ಬೆಳಿಗ್ಗೆಯ ವಿಮಾನಗಳು ಬಂದುಹೋದ ಮೇಲೆ ಸಂಜೆಯವರೆಗೆ ರನ್‌ವೇ ಖಾಲಿ ಬಿದ್ದಿರುತ್ತದೆ. ಆ ಖಾಲಿ ಹೊತ್ತಿನಲ್ಲೇ ನನ್ನ ಕೆಲಸ. ರನ್‌ವೇ ಅಂಚಿನ ದೀಪ, ನೆಲದಲ್ಲಿ ಹುದುಗಿರುವ ದೀಪ, ವಿಮಾನ ತಿರುಗಿ ಬರುವ ದಾರಿ, ಅಂದರೆ ಟ್ಯಾಕ್ಸಿವೇಯ ದೀಪ, ಎಲ್ಲವೂ ನನ್ನ ಸುಪರ್ದಿಯಲ್ಲಿ. ಗಾಜು ಒರೆಸಬೇಕು, ಬಲ್ಬು ಬದಲಿಸಬೇಕು, ಹೆಗ್ಗಣ ಕಡಿದ ಕೇಬಲ್ ಹುಡುಕಬೇಕು. ಅದಕ್ಕೇ ಎಲ್ಲರ ಬಾಯಲ್ಲಿ ನಾನು ದೀಪದ ಮೇಡಂ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬ ಇನ್ನೊಂದು ಖ್ಯಾತಿಯೂ ಇದೆ. ಅದನ್ನು ಹಬ್ಬಿಸಿದವರು ಯಾರೆಂದು ಗೊತ್ತಾದರೆ ಸುಮ್ಮನೆ ಬಿಡುವವಳಲ್ಲ.

ರನ್‌ವೇ ಗೆರೆಗಳಿಗೆ ಹೊಸದಾಗಿ ಬಣ್ಣ ಬಳಿಯಲು ಹೊರಗಿನ ತಂಡವೊಂದು ಬಂದಿದೆ ಎಂದು ಗೊತ್ತಿತ್ತು. ಅವತ್ತೇ ಕೆಲಸ ಶುರುಮಾಡುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಣ್ಣ ಸಿಡಿದು ಗಾಜು ಹಾಳಾಗದಿರಲಿ ಎಂದು ಅವರು ನೆಲದ ದೀಪಗಳ ಮೇಲೆ ಪ್ಲಾಸ್ಟಿಕ್ ಮುಚ್ಚಳ ಕೂರಿಸಿದ್ದರು. ಅದೇ ದಿನ ನಾನು ದೀಪ ಪರೀಕ್ಷೆ ಮಾಡುತ್ತೇನೆ ಎಂದು ಅವರಿಗೂ ಯಾರೂ ಹೇಳಿರಲಿಲ್ಲ. ನಾನು ಕಂಟ್ರೋಲ್ ರೂಮಿನಲ್ಲಿ ಕೂತು ಆರಾಮವಾಗಿ ಸ್ವಿಚ್ಚನ್ನು ಪೂರ್ತಿ ಪ್ರಕಾಶಕ್ಕೆ ತಿರುಗಿಸಿದೆ. ಆ ದೀಪಗಳು ಉರಿಯುವಾಗ ಕೈಯಿಟ್ಟರೆ ಬೊಬ್ಬೆ ಬರುತ್ತದೆ. ಮುಚ್ಚಳಗಳೆಲ್ಲ ಕರಗಿ ಗಾಜಿಗೆ ಅಂಟಿಕೊಂಡವು.

ವಾಸನೆ ಹಿಡಿದು ನಾನು ಓಡಿಬಂದಾಗ, ಕಿತ್ತಳೆ ಜಾಕೆಟ್ ತೊಟ್ಟವನೊಬ್ಬ ಮಂಡಿಯೂರಿ ಕೂತು, ಕರಗಿದ ಮುಚ್ಚಳವೊಂದನ್ನು ಕಡ್ಡಿಯಿಂದ ಎತ್ತಿ ನೋಡುತ್ತಿದ್ದ. ಬಿಸಿಲಿಗೆ ಕಂದಿದ ಮುಖ. ಕಣ್ಣ ರೆಪ್ಪೆಯ ಮೇಲೂ ಬಿಳಿ ಬಣ್ಣದ ಒಂದು ಹನಿ.

"ಹಗಲು ಹೊತ್ತಲ್ಲಿ ದೀಪ ಯಾಕೆ ಹಚ್ಚಿದ್ರಿ ಮೇಡಂ? ಮೇಲೆ ಸೂರ್ಯ ಇದಾನಲ್ಲ?"

"ಸೂರ್ಯನ ಮೇಂಟೆನೆನ್ಸ್ ನನಗೆ ಕೊಟ್ಟಿಲ್ಲ. ದೀಪದ್ದು ಕೊಟ್ಟಿದಾರೆ."

ಅವನು ತಲೆಯೆತ್ತಿ ನನ್ನನ್ನು ನೋಡಿ ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಅನಾಹುತ ಮಾಡಿಯೂ ಇಷ್ಟು ಚೆನ್ನಾಗಿ ನಗಬಹುದು ಎಂದು ನನಗೆ ಗೊತ್ತಿರಲಿಲ್ಲ. ಅವನು ಜೇಬಿನಿಂದ ಬ್ಲೇಡ್ ತೆಗೆದ. "ಬ್ಲೇಡ್ ಬೇಡ, ಗಾಜಿಗೆ ಗೀರು ಬೀಳುತ್ತೆ," ಎಂದು ಗದರಿಸಿ ಮರದ ಚಕ್ಕೆಯೊಂದನ್ನು ಅವನ ಕೈಗೆ ತುರುಕಿದೆ. ಅವತ್ತು ಮಧ್ಯಾಹ್ನವೆಲ್ಲ ಇಬ್ಬರೂ ಎದುರುಬದುರು ಕೂತು, ಮುಖ ಊದಿಸಿಕೊಂಡು, ಗಾಜು ಕೆರೆದೆವು. ಮುಖ ಊದಿಸಿಕೊಂಡಿದ್ದವಳು ನಾನೊಬ್ಬಳೇ ಎಂದರೆ ಹೆಚ್ಚು ಸರಿ.

ಸಂಜೆ ಸಾಹೇಬರ ಮುಂದೆ ಪಂಚಾಯಿತಿ ಆಯಿತು. ಸಾಹೇಬರು, ಅಂದರೆ ನಮ್ಮ ನಿಲ್ದಾಣದ ಇನ್‌ಚಾರ್ಜ್, ಜಗಳ ಕೇಳಿದರೆ ತಲೆನೋವು ಬರುವ ಮನುಷ್ಯ. ಬಣ್ಣದ ತಂಡದವರದೆಲ್ಲ ತಾತ್ಕಾಲಿಕ ಪಾಸು. ಅಂಥವರು ರನ್‌ವೇ ಬಳಿ ಬರಬೇಕಾದರೆ ಕಾಯಂ ಪಾಸಿನವರೊಬ್ಬರು ಎಸ್ಕಾರ್ಟ್ ಆಗಿ ಜೊತೆಗಿರಬೇಕು. ಅವರು ಎಸ್ಕಾರ್ಟಿನ ಕಣ್ಣಳತೆ ಬಿಟ್ಟು ದೂರ ಹೋಗುವಂತಿಲ್ಲ. ಇದು ಎಲ್ಲ ಕಡೆಯ ನಿಯಮ. ಅವತ್ತು ಅದನ್ನೂ ಯಾರೂ ನೋಡಿಕೊಂಡಿರಲಿಲ್ಲ.

"ನಾಳೆಯಿಂದ ಇವರ ಎಸ್ಕಾರ್ಟ್ ನೀವೇ," ಎಂದು ಸಾಹೇಬರು ನನಗೆ ಹೇಳಿದರು. "ಒಟ್ಟಿಗಿದ್ರೆ ಇಂಥ ಎಡವಟ್ಟು ಆಗಲ್ಲ."

"ಅಂದ್ರೆ ನನ್ನ ಕೆಲಸ ಬಿಟ್ಟು ಇವರನ್ನ ನೋಡ್ತಾ ನಿಂತಿರ್ಬೇಕಾ ಸರ್?"

"ನೋಡ್ತಾನೇ ಕೆಲಸ ಮಾಡಿ."

ಪಕ್ಕದಲ್ಲಿ ಅವನು ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು.

ತಂಡದಲ್ಲಿ ಅವನನ್ನು ಎಲ್ಲರೂ ಗೆರೆ ಮೇಷ್ಟ್ರು ಎಂದು ಕರೆಯುತ್ತಿದ್ದರು. ಬಣ್ಣ ಚಿಮ್ಮಿಸುವ ಗಾಡಿ ಓಡಿಸುತ್ತಿದ್ದವರು ಅವನ ಸ್ವಂತ ಚಿಕ್ಕಪ್ಪ. ಹಾಗಾಗಿ ಅವರು ಇಡೀ ತಂಡಕ್ಕೇ ಚಿಕ್ಕಪ್ಪ. ಗೆರೆ ಎಳೆಯುವುದೆಂದರೆ ಬಣ್ಣ ಬಳಿಯುವುದು ಎಂದುಕೊಂಡಿದ್ದೆ. ಅವನ ಕೆಲಸ ಅದಕ್ಕೂ ಮೊದಲೇ ಮುಗಿದಿರುತ್ತಿತ್ತು. ಸೀಮೆಸುಣ್ಣ ಬಳಿದ ಉದ್ದನೆಯ ದಾರವನ್ನು ಎರಡೂ ಕಡೆ ಬಿಗಿಯಾಗಿ ಕಟ್ಟಿ, ನಡುವೆ ಹಿಡಿದೆತ್ತಿ ಟಪ್ಪೆಂದು ಬಿಡುತ್ತಿದ್ದ. ನೆಲದ ಮೇಲೆ ತೆಳ್ಳನೆಯ ಗುರುತು ಮೂಡುತ್ತಿತ್ತು. ಆಮೇಲೆ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ, ಒಂದು ಕಣ್ಣು ಮುಚ್ಚಿ, ದೂರದವರೆಗೆ ನೋಡುತ್ತಿದ್ದ. ಗೆರೆ ಒಪ್ಪಿಗೆಯಾದರೆ ಮುಚ್ಚಿದ ಕಣ್ಣು ತೆರೆಯುವ ಮೊದಲೇ ತುಟಿಯ ಒಂದು ಕೊನೆ ಮೇಲೇಳುತ್ತಿತ್ತು.

ಇದೆಲ್ಲ ನಾನು ಬೇಕೆಂದು ನೋಡಿದ್ದಲ್ಲ. ನೋಡುವುದು ನನ್ನ ಡ್ಯೂಟಿ.

"ಮೇಡಂ, ನಾನು ಆ ಕಡೆ ಗಾಡಿ ಹಿಂದೆ ಹೋಗ್ತೀನಿ. ನಿಮಗೆ ಕಾಣಲ್ಲ. ಪರವಾಗಿಲ್ವಾ?"

"ಈ ಕಡೆಯಿಂದ ಬನ್ನಿ."

"ಈ ಕಡೆ ಬಿಸಿಲು."

"ಹಾಗಾದ್ರೆ ನಾನೇ ಬರ್ತೀನಿ."

ಹೀಗೆ ಗಾಡಿಯ ನೆರಳಲ್ಲಿ ಇಬ್ಬರೂ ಊಟದ ಡಬ್ಬಿ ಬಿಚ್ಚುವುದು ಅಭ್ಯಾಸವಾಯಿತು. ಅವನ ಡಬ್ಬಿಯಲ್ಲಿ ಹೋಟೆಲಿನ ಒಣಗಿದ ಊಟ ಇರುತ್ತಿತ್ತು. ಮೊದಮೊದಲು ಕಂಡೂ ಕಾಣದವಳಂತೆ ಇದ್ದೆ. ಆಮೇಲೆ ನನ್ನ ಡಬ್ಬಿ ತಾನಾಗಿಯೇ ದೊಡ್ಡದಾಯಿತು. ಮನೆಯಲ್ಲಿ ಅತ್ತಿಗೆ ಇದನ್ನು ಗಮನಿಸಿದರು. ಏನೂ ಕೇಳದೆ ಇನ್ನೊಂದು ಸೌಟು ಹೆಚ್ಚಿಗೆ ತುಂಬಿ ಮುಚ್ಚಳ ಒತ್ತಿದರು.

ನನ್ನ ಗೊಣಗಾಟ ಕೇಳಿ ಕೇಳಿ ಸುಸ್ತಾದ ಸಾಹೇಬರು ಒಂದು ಉಪಾಯ ಮಾಡಿದರು. ಮೇಷ್ಟ್ರು ಒಂದು ಸಣ್ಣ ಪರೀಕ್ಷೆ ಬರೆದು ಪಾಸಾದರೆ ಅವನಿಗೇ ಸ್ವಂತ ಪಾಸು ಕೊಡಬಹುದು. ತಂಡದ ಜವಾಬ್ದಾರಿ ಅವನದೇ ಆಗುತ್ತದೆ, ನನಗೂ ಬಿಡುಗಡೆ. ಪರೀಕ್ಷೆಯೇನೂ ಕಷ್ಟದ್ದಲ್ಲ. ಯಾವ ದೀಪ ಯಾವ ಬಣ್ಣ, ಯಾವ ಗೆರೆ ದಾಟುವ ಮುನ್ನ ವಾಕಿಟಾಕಿಯಲ್ಲಿ ಟವರಿನ ಅನುಮತಿ ಕೇಳಬೇಕು, ಇಂಥವೇ.

ಮೇಷ್ಟ್ರು ಫೇಲಾದ.

"ಟ್ಯಾಕ್ಸಿವೇ ಅಂಚಿನ ದೀಪ ಹಸಿರು ಅಂತ ಬರೆದಿದೀರಲ್ರೀ! ದಿನಾ ಅದರ ಪಕ್ಕದಲ್ಲೇ ಕೂತು ಊಟ ಮಾಡ್ತೀರಿ."

"ಊಟ ಮಾಡುವಾಗ ದೀಪ ಯಾರು ನೋಡ್ತಾರೆ ಮೇಡಂ?"

ಹಾಗೆ ಹೇಳಿ ಅವನು ನೇರವಾಗಿ ನನ್ನ ಮುಖ ನೋಡಿದ. ನನ್ನ ಕಿವಿ ಬಿಸಿಯಾಯಿತು. ಅವನಿಗೆ ಕೇಳಿಸಲೆಂದೇ ಜೋರಾಗಿ, "ಅಂಚು ನೀಲಿ, ನಡುಗೆರೆ ಹಸಿರು, ರನ್‌ವೇ ಕೊನೆ ಕೆಂಪು. ಬಾಯಿಪಾಠ ಮಾಡಿ," ಎಂದೆ. ಅವನು ವಿಧೇಯ ವಿದ್ಯಾರ್ಥಿಯಂತೆ ಕೈಕಟ್ಟಿ ಒಪ್ಪಿಸಿದ. ದಿನವೂ ಊಟ ಮುಗಿದ ಮೇಲೆ ಪಾಠ. ಒಮ್ಮೆ ನೀಲಿ ದೀಪವೊಂದರ ಗಾಜು ಬಿಚ್ಚಿ ಅವನ ಅಂಗೈ ಮೇಲಿಟ್ಟು ತೋರಿಸಿದೆ. ಬಿಸಿಲು ಅದರೊಳಗೆ ಹಾಯ್ದು ಅವನ ಕೈಯೆಲ್ಲ ನೀಲಿಯಾಯಿತು. ಗಾಜು ವಾಪಸ್ ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ದೀಪದ ಬಗ್ಗೆಯೇ ಮಾತು ಮುಂದುವರಿಸಿದೆವು, ಆದರೆ ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ.

ಎರಡನೆಯ ಸಲವೂ ಫೇಲಾದ.

ಅವತ್ತು ಸಂಜೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಅತ್ತಿಗೆ ಕೇಳಿದರು, "ಏನೇ, ನಿಮ್ಮ ಮೇಷ್ಟ್ರು ಇವತ್ತಾದ್ರೂ ಪಾಸಾದ್ರಾ?"

"ಇಲ್ಲ ಅತ್ತಿಗೆ. ಮತ್ತೆ ಫೇಲು. ತಲೇಲಿ ಏನಿದೆಯೋ ಆ ಮನುಷ್ಯನಿಗೆ."

"ಅಯ್ಯೋ ಪಾಪ. ಅದಕ್ಕೇನಾ ನೀನು ಇಷ್ಟೊತ್ತಿಂದ ಹಾಡು ಗುನುಗ್ತಿರೋದು?"

ನಾನು ಬಾಯಿ ಮುಚ್ಚಿದೆ. ಅತ್ತಿಗೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಅದೇ ತಟ್ಟೆಯನ್ನು ನಾನು ಮೂರನೇ ಸಲ ಒರೆಸುತ್ತಿದ್ದೆನಂತೆ.

"ಅವರು ಎಲ್ಲಿಯವರೇ?"

"ಎಲ್ಲಿಯವರೂ ಅಲ್ಲ. ವ್ಯಾನಿನಲ್ಲಿ ಊರಿಂದೂರಿಗೆ ಹೋಗ್ತಾ ಇರ್ತಾರೆ. ಇಲ್ಲಿ ಕೆಲಸ ಮುಗಿದ್ರೆ ಇನ್ನೊಂದು ಕಡೆ."

ಹೇಳುತ್ತ ಹೇಳುತ್ತಲೇ ನನ್ನ ದನಿ ಇಳಿಯಿತು. ಅತ್ತಿಗೆಯ ಮುಖದಲ್ಲಿದ್ದ ನಗುವೂ ಹೋಯಿತು. ಅವರು ನನ್ನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದರು.

ಕೆಲಸ ಕೊನೆಯ ಹಂತಕ್ಕೆ ಬಂತು. ರನ್‌ವೇ ತುದಿಯಲ್ಲಿರುವ ದೊಡ್ಡ ಅಂಕಿ ಬದಲಾಗಬೇಕಿತ್ತು. ಆ ಅಂಕಿ ದಿಕ್ಸೂಚಿಯ ಲೆಕ್ಕದ್ದು. ದಿಕ್ಸೂಚಿ ತೋರಿಸುವ ಉತ್ತರ ವರ್ಷವರ್ಷವೂ ಚೂರುಚೂರೇ ಸರಿಯುತ್ತದೆ. ಸರಿದು ಸರಿದು ನಮ್ಮ ಎಂಟು ಈಗ ಒಂಬತ್ತಾಗಬೇಕಾಗಿತ್ತು. ಹಳೆಯ ಎಂಟನ್ನು ಉಜ್ಜಿ ತೆಗೆದ ಜಾಗದಲ್ಲಿ ಅವನು ದಾರ ಹಿಡಿದು ಓಡಾಡುತ್ತಿದ್ದ. ಒಂಬತ್ತರ ಹೊಟ್ಟೆಯೊಳಗೆ ಒಂದು ಕುಟುಂಬ ಸಂಸಾರ ಹೂಡುವಷ್ಟು ಜಾಗವಿತ್ತು. ನಾನು ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೆ.

"ನಿಮಗೆ ಒಂದೂರಲ್ಲಿ ನಿಲ್ಲೋ ಅಭ್ಯಾಸವೇ ಇಲ್ವಾ ಮೇಷ್ಟ್ರೇ?" ಹಗುರವಾಗಿ ಕೇಳಬೇಕೆಂದುಕೊಂಡಿದ್ದೆ. ಅಷ್ಟು ಹಗುರವಾಗಿ ಬರಲಿಲ್ಲ.

"ಉತ್ತರ ದಿಕ್ಕೇ ನಿಂತಲ್ಲಿ ನಿಲ್ಲಲ್ಲ ಮೇಡಂ. ನಂದೇನು ದೊಡ್ಡದು."

ಅವನು ನಗುತ್ತಲೇ ಹೇಳಿದ. ನಾನೂ ನಕ್ಕೆ. ಆಮೇಲೆ ಬಹಳ ಹೊತ್ತು ಬಗ್ಗಿ ನನ್ನ ಟೂಲ್‌ಬಾಕ್ಸಿನಲ್ಲಿ ಏನೋ ಹುಡುಕಿದೆ. ಏನು ಹುಡುಕುತ್ತಿದ್ದೇನೆ ಎಂದು ಅವನು ಕೇಳಲಿಲ್ಲ, ಸದ್ಯ.

ಮರುದಿನ ಚಿಕ್ಕಪ್ಪ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಸುಮ್ಮನೆ ಮಾತಿಗೆಂದು, "ಚಿಕ್ಕಪ್ಪ, ನಿಮ್ಮ ಮೇಷ್ಟ್ರಿಗೆ ಪಾಠ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಮೂರನೇ ಸಲವಾದ್ರೂ ಪಾಸಾಗ್ತಾರಾ?" ಎಂದೆ.

"ಯಾವ ಪರೀಕ್ಷೆಯಮ್ಮ?"

"ಅದೇ, ಪಾಸಿನ ಪರೀಕ್ಷೆ."

ಚಿಕ್ಕಪ್ಪ ಗಹಗಹಿಸಿ ನಕ್ಕರು. "ಅವನಾ? ಹೋದ ಏರ್‌ಪೋರ್ಟಲ್ಲಿ ಹೊಸಬರಿಗೆಲ್ಲ ಆ ಪಾಠ ಹೇಳಿಕೊಟ್ಟಿದ್ದೇ ಅವನು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ..." ನನ್ನ ಮುಖ ನೋಡಿ ಅವರು ನಾಲಿಗೆ ಕಚ್ಚಿಕೊಂಡರು. "ನಾನೇನೂ ಹೇಳಿಲ್ಲಮ್ಮ. ಟೀ ಆರಿಹೋಗುತ್ತೆ, ಕುಡಿ."

ಮೊದಲ ಕ್ಷಣ ನನಗಾದದ್ದು ಬರೀ ಖುಷಿ. ನನ್ನ ಕಣ್ಣಳತೆಯಲ್ಲಿ ಇರಬೇಕೆಂದು ಒಬ್ಬ ಮನುಷ್ಯ ಬೇಕೆಂದೇ ಫೇಲಾಗುತ್ತಿದ್ದಾನೆ! ಅದೇ ಕ್ಷಣದಲ್ಲಿ ನಾನು ನೇರವಾಗಿ ಅವನ ಹತ್ತಿರ ಹೋಗಿ ಕೇಳಬೇಕಿತ್ತು. ಆದರೆ ಖುಷಿಯ ಬೆನ್ನಿಗೇ ಕೋಪ ಬಂತು. ಅಂಗೈ ಮೇಲೆ ಗಾಜಿಟ್ಟು ನೀಲಿ ತೋರಿಸಿದ್ದು, ಬಾಯಿಪಾಠ ಮಾಡಿಸಿದ್ದು, ಎಲ್ಲ ನೆನಪಾಯಿತು. ಒಳಗೊಳಗೇ ಎಷ್ಟು ನಕ್ಕಿರಬೇಕು! ಹೇಗೂ ಎದ್ದು ಹೋಗುವವನಿಗೆ ನನ್ನ ಜೊತೆ ಈ ಆಟ ಏಕೆ ಬೇಕಿತ್ತು? ನೇರವಾಗಿ ಸಾಹೇಬರ ಕೋಣೆಗೆ ಹೋದೆ.

"ಸರ್, ಮೇಷ್ಟ್ರಿಗೆ ಬರೆಯೋದು ಕಷ್ಟ. ನಿಮ್ಮ ಎದುರಿಗೇ ನಾನು ಬಾಯಲ್ಲಿ ಪ್ರಶ್ನೆ ಕೇಳ್ತೀನಿ."

ಅವನನ್ನು ಕರೆಸಲಾಯಿತು. ಬಂದು ನಿಂತ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು.

"ಟ್ಯಾಕ್ಸಿವೇ ಅಂಚಿನ ದೀಪದ ಬಣ್ಣ?"

ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ನಿಂತೆ. ಈಗಲೂ ಸುಳ್ಳು ಹೇಳುತ್ತೀರಾ ಎಂದು ಆ ನೋಟದಲ್ಲಿ ಕೇಳಿದೆ. ಸುಳ್ಳೇ ಹೇಳಲಿ ಎಂದು ಮನಸ್ಸು ಬೇಡುತ್ತಿತ್ತು, ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

"ನೀಲಿ," ಎಂದ.

"ನಡುಗೆರೆ?"

"ಹಸಿರು."

"ರನ್‌ವೇ ಕೊನೆ?"

"ಕೆಂಪು."

"ಎಲ್ಲ ಗೊತ್ತಿದ್ದೂ ತಪ್ಪು ಬರೆದದ್ದು ಯಾಕೆ?"

"ಆ ಪ್ರಶ್ನೆ ಸಿಲಬಸ್ಸಲ್ಲಿ ಇಲ್ಲ ಮೇಡಂ."

ಸಾಹೇಬರು ಜೋರಾಗಿ ನಕ್ಕು, ಎದ್ದು ಅವನ ಕೈಕುಲುಕಿದರು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡದ್ದು ಹೀಗೆ.

ಮರುದಿನದಿಂದ ಅವನ ಕೊರಳಲ್ಲಿ ಸ್ವಂತ ಪಾಸು, ಸೊಂಟದಲ್ಲಿ ಸ್ವಂತ ವಾಕಿಟಾಕಿ. ನಾನು ಕಂಟ್ರೋಲ್ ರೂಮಿಗೆ ವಾಪಸ್ಸಾದೆ. ಆ ಕೋಣೆಯ ಕಿಟಕಿಯಿಂದ ನೋಡಿದರೆ ರನ್‌ವೇಯ ಆ ತುದಿಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಓಡಾಡುತ್ತಿದ್ದವು. ಯಾವುದು ಅವನು ಎಂದು ಗೊತ್ತಾಗುತ್ತಿರಲಿಲ್ಲ. ಆಮೇಲೆ ಒಂದು ಚುಕ್ಕೆ ನೆಲಕ್ಕೆ ಮಲಗಿತು, ಗೊತ್ತಾಯಿತು.

ಅವನನ್ನು ನೋಡಲು ನನಗೆ ಈಗ ಯಾವ ಕಾರಣವೂ ಇರಲಿಲ್ಲ. ಹಾಗಾಗಿ ದಿನವಿಡೀ ನೋಡಿದೆ. ಇಲ್ಲದ ಕೆಲಸ ಹುಟ್ಟಿಸಿಕೊಂಡು ಆ ಕಡೆಯ ದೀಪಗಳ ಗಾಜು ಒರೆಸಲು ಹೋದೆ. ಅವನು ದೂರದಿಂದಲೇ ತಲೆಯಾಡಿಸಿದ. ನಾನೂ ಬಹಳ ಬ್ಯುಸಿ ಇರುವವಳಂತೆ ತಲೆಯಾಡಿಸಿದೆ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಅತ್ತಿಗೆ ತುಂಬಿದ್ದ ಹೆಚ್ಚಿನ ಪಾಲು ಹಾಗೆಯೇ ಮನೆಗೆ ಬಂತು. "ನಾಳೆಯಿಂದ ಕಡಿಮೆ ಹಾಕ್ಲಾ?" ಎಂದು ಅತ್ತಿಗೆ ಮೆತ್ತಗೆ ಕೇಳಿದರು. ನಾನು ಅವರ ಹೆಗಲಿಗೆ ತಲೆಯಿಟ್ಟು ಅತ್ತೆ. ಒಬ್ಬ ಮನುಷ್ಯನನ್ನು ಇಷ್ಟು ದಿನ ನೋಡಿದ ಮೇಲೆ ನೋಡದೆ ಇರುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಕೆಲಸದ ಕೊನೆಯ ಸಂಜೆ ಒಂದು ತಪಾಸಣೆ ಇರುತ್ತದೆ. ಹಸಿ ಬಣ್ಣದ ಮೇಲೆ ಸಕ್ಕರೆಯಷ್ಟು ಸಣ್ಣ ಗಾಜಿನ ಮಣಿಗಳನ್ನು ಉದುರಿಸಿರುತ್ತಾರೆ. ಬೆಳಕು ಬಿದ್ದಾಗ ಗೆರೆ ಹೊಳೆಯುವುದು ಆ ಮಣಿಗಳಿಂದ. ಅದು ಸರಿಯಾಗಿದೆಯೇ ಎಂದು ದೀಪದವರೂ ಗೆರೆಯವರೂ ಮಬ್ಬುಗತ್ತಲಲ್ಲಿ ಒಂದೇ ಜೀಪಿನಲ್ಲಿ ಹೋಗಿ ನೋಡಬೇಕು. ಅಂದರೆ ನಾನು ಮತ್ತು ಅವನು.

ಜೀಪ್ ನಾನು ಓಡಿಸುತ್ತಿದ್ದೆ. ಸೂರ್ಯ ಮುಳುಗಿ ಆಕಾಶದಲ್ಲಿ ಇನ್ನೂ ಕೆಂಪು ಉಳಿದಿತ್ತು. ನನ್ನ ದೀಪಗಳೆಲ್ಲ ಹತ್ತಿಕೊಂಡಿದ್ದವು. ಅವುಗಳ ನಡುವೆ ಅವನ ಗೆರೆ ಬಿಳಿಯಾಗಿ ಹೊಳೆಯುತ್ತ, ಒಂದಿಷ್ಟೂ ಅಲುಗದೆ, ಮುಂದಕ್ಕೆ ಹೋಗುತ್ತಿತ್ತು. ಅಷ್ಟು ಚಂದದ ರನ್‌ವೇಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಒಂದಾದರೂ ತಪ್ಪು ಸಿಗಲಿ, ಇವನು ಇನ್ನೆರಡು ದಿನ ನಿಲ್ಲಲಿ ಎಂದು ಹುಡುಕಿದೆ. ಹಾಳಾದವನು ಒಂದು ತಪ್ಪೂ ಮಾಡಿರಲಿಲ್ಲ.

"ಹೇಗಿದೆ ಮೇಡಂ?"

"ಪರವಾಗಿಲ್ಲ."

"ಅಷ್ಟೇನಾ?"

"ಚೆನ್ನಾಗಿದೆ." ಆಮೇಲೆ ಸೇರಿಸಿದೆ, "ತುಂಬಾ ಚೆನ್ನಾಗಿದೆ."

ನಾನು ಎಷ್ಟು ನಿಧಾನ ಓಡಿಸುತ್ತಿದ್ದೆನೆಂದರೆ ವಾಕಿಟಾಕಿ ಗುರುಗುಟ್ಟಿತು. ಟವರಿನಲ್ಲಿ ಕೂರುವ ಹೆಂಗಸು, ನಾವೆಲ್ಲ ಟವರಕ್ಕ ಎನ್ನುತ್ತೇವೆ, ಕೇಳಿದಳು, "ದೀಪದ ಜೀಪ್, ಗಾಡಿ ಕೆಟ್ಟಿದೆಯಾ? ವಿಮಾನ ಬರ್ತಿದೆ, ರನ್‌ವೇ ಖಾಲಿ ಮಾಡಿ."

ಜೀಪನ್ನು ಪಕ್ಕದ ದಾರಿಗೆ ಇಳಿಸಿ, ಅನುಮತಿಯಿಲ್ಲದೆ ದಾಟಬಾರದ ತಡೆಗೆರೆಯ ಈಚೆ ನಿಲ್ಲಿಸಿ, ರನ್‌ವೇ ಖಾಲಿಯಾಯಿತು ಎಂದು ತಿಳಿಸಿದೆ. ಇಬ್ಬರೂ ಇಳಿದು ಹುಲ್ಲಿನ ಅಂಚಿನಲ್ಲಿ ನಿಂತೆವು. ವಿಮಾನದ ಗದ್ದಲದಲ್ಲಿ ಹೇಳಿ ಮುಗಿಸಿಬಿಡೋಣ ಎಂದು ಲೆಕ್ಕ ಹಾಕಿಕೊಂಡೆ. ವಿಮಾನ ಬಂತು, ಅವನ ಬಿಳಿಯ ಒಂಬತ್ತನ್ನು ದಾಟಿ ನೆಲ ಮುಟ್ಟಿತು, ಭೋರೆಂದು ಮುಂದೆ ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಗದ್ದಲವೆಲ್ಲ ಮುಗಿದು, ಹುಲ್ಲಿನಲ್ಲಿ ಹುಳ ಕೂಗುವುದೂ ಕೇಳಿಸತೊಡಗಿತು.

"ನೀವು ಹೋಗೋದು ನನಗೆ ಇಷ್ಟ ಇಲ್ಲ," ಎಂದೆ.

ಅವನು ನನ್ನ ಕಡೆ ತಿರುಗಿದ. ಈ ಸಲ ನಗಲಿಲ್ಲ.

"ಸಿಲಬಸ್ಸಲ್ಲಿ ಇಲ್ಲದ ಪ್ರಶ್ನೆಗೆ ಈಗ ಉತ್ತರ ಹೇಳ್ಲಾ?"

"ಹೇಳಿ."

"ಎಷ್ಟೋ ಊರಲ್ಲಿ ಗೆರೆ ಎಳೆದಿದೀನಿ. ಎಲ್ಲರೂ ಗೆರೆ ನೋಡ್ತಾರೆ. ನನ್ನನ್ನ ಯಾರೂ ನೋಡಿದ್ದಿಲ್ಲ. ನೀವು ಬೈತಾನೇ ನೋಡ್ತಿದ್ರಿ, ಆದ್ರೂ ನೋಡ್ತಿದ್ರಿ. ನೀವು ಈ ಕಡೆ ತಿರುಗಿದಾಗೆಲ್ಲ ನನಗೆ ಕೈಲಿರೋ ದಾರ ಮರೆತುಹೋಗ್ತಿತ್ತು. ಪಾಸಾದ್ರೆ ಅದು ನಿಂತುಹೋಗುತ್ತೆ ಅಂತ ಭಯ ಆಯ್ತು. ನಿಮ್ಮ ಮೇಲೆ ನಗೋಕಲ್ಲ, ದೇವ್ರಾಣೆ."

ಇಷ್ಟು ದಿನದ ಕೋಪವೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಹಾಗಾದ್ರೆ ಹೋಗ್ಬೇಡಿ."

"ನಾಳೆ ಇನ್ನೊಂದು ಕಡೆ ಶುರು ಮಾಡ್ಬೇಕು ಮೇಡಂ. ಚಿಕ್ಕಪ್ಪ, ತಂಡ, ಎಲ್ಲ ನನ್ನ ನಂಬ್ಕೊಂಡಿದಾರೆ."

"ಹೋಗಿ. ಮುಗಿಸಿ ವಾಪಸ್ ಬನ್ನಿ."

"ಇಲ್ಲಿ ಕೆಲಸ ಏನೂ ಉಳಿದಿಲ್ವಲ್ಲ."

"ಕೆಲಸ ಇಲ್ಲದೇ ಬನ್ನಿ," ಎಂದೆ. "ನನ್ನ ನೋಡೋಕೆ ಬನ್ನಿ. ನೀವು ನನಗೆ ಬೇಕು ಮೇಷ್ಟ್ರೇ. ಇದಕ್ಕಿಂತ ಬಿಡಿಸಿ ಹೇಳೋಕೆ ನನಗೆ ಬರಲ್ಲ."

ರನ್‌ವೇ ದೀಪಗಳ ಬೆಳಕು ಅವನ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. "ಕೆಲಸ ಇಲ್ಲದೆ ನಾನು ಯಾವ ಊರಿಗೂ ಹೋದವನಲ್ಲ," ಎಂದ. "ಹೇಗೆ ಹೋಗ್ಬೇಕು ಅಂತಾನೂ ಗೊತ್ತಿಲ್ಲ. ಮಾತು ಕೊಟ್ಟು ತಪ್ಪಿದ್ರೆ ನೀವು ದಾರಿ ಕಾಯ್ತೀರಿ. ಅದಕ್ಕೆ ಮಾತು ಕೊಡಲ್ಲ."

"ಕೊಡದಿದ್ರೂ ಕಾಯ್ತೀನಿ," ಎಂದೆ. ಸಿಟ್ಟಿನಲ್ಲೇ ಎಂದೆ.

ಬೆಳಿಗ್ಗೆ ವ್ಯಾನ್ ಗೇಟು ದಾಟಿತು. ಚಿಕ್ಕಪ್ಪ ಕೈಬೀಸಿದರು. ಅವನು ಕಿಟಕಿಯಿಂದ ಪೂರ್ತಿ ಹೊರಗೆ ತಲೆಹಾಕಿ, ತಿರುವಿನಲ್ಲಿ ಮರೆಯಾಗುವವರೆಗೆ ನನ್ನನ್ನೇ ನೋಡಿದ. ನಾನು ಅತ್ತುಬಿಟ್ಟೇನು ಎಂದು ಕೈಯೆತ್ತಲಿಲ್ಲ. ಆಮೇಲೆ ಎತ್ತಿದೆ. ಆಗ ರಸ್ತೆ ಖಾಲಿಯಿತ್ತು.

ಫೋನಿನಲ್ಲಿ ಅವನ ಮೆಸೇಜುಗಳು ಬರುತ್ತಿದ್ದವು. ಧೂಳು ಹಿಡಿದ ಯಾವುದೋ ದೀಪದ ಫೋಟೋ ಕಳಿಸಿ, "ಇಲ್ಲಿಯ ಗಾಜು ನೋಡಿ. ನೀವಿದ್ದಿದ್ರೆ ಇವರ ಗತಿ ಮುಗೀತಿತ್ತು," ಎಂದು ಬರೆಯುತ್ತಿದ್ದ. ನಾನು, "ಒಣ ಬಟ್ಟೆ ಹಾಕಿ ಉಜ್ಜಬಾರದು ಅಂತ ಅವರಿಗೆ ಹೇಳಿ," ಎಂದು ಉತ್ತರಿಸುತ್ತಿದ್ದೆ. ಬರೆದು ಅಳಿಸಿದ್ದು ಬೇರೆ ಇರುತ್ತಿತ್ತು. ಬರುತ್ತೀರಾ ಎಂದು ನಾನು ಕೇಳಲಿಲ್ಲ, ಬರುತ್ತೇನೆ ಎಂದು ಅವನೂ ಹೇಳಲಿಲ್ಲ. ಪ್ರತಿದಿನ ಮಧ್ಯಾಹ್ನ ರನ್‌ವೇ ಖಾಲಿಯಾದಾಗ ಅವನ ಗೆರೆಯ ಪಕ್ಕದಲ್ಲೇ ನಡೆದು ಆ ತುದಿಯವರೆಗೆ ಹೋಗುತ್ತಿದ್ದೆ. ಟೈರುಗಳ ಕರಿ ಹತ್ತಿ ಬಿಳಿ ಬಣ್ಣ ನಿಧಾನವಾಗಿ ಮಾಸತೊಡಗಿತ್ತು. ಕೊನೆಗೆ ಮೆಸೇಜುಗಳೂ ನಿಂತವು. ಫೋನ್ ಮಾಡಿದರೆ ಸ್ವಿಚ್ ಆಫ್.

"ನಾಳೆ ಬರುತ್ತೆ ಬಿಡೇ," ಎನ್ನುತ್ತಿದ್ದರು ಅತ್ತಿಗೆ. ನಾನು, "ಯಾರಿಗೆ ಬೇಕು," ಎನ್ನುತ್ತಿದ್ದೆ.

ಒಂದು ಸಂಜೆ ವಿಮಾನ ಇಳಿದ ಮೇಲೆ ಡ್ಯೂಟಿ ಮುಗಿಸಿ ಸಿಬ್ಬಂದಿ ಗೇಟಿನಿಂದ ಹೊರಬಂದೆ. ಬಸ್ಸಿಗೆ ಹೋಗಬೇಕಾದರೆ ಪ್ರಯಾಣಿಕರು ಹೊರಬರುವ ಬಾಗಿಲ ಮುಂದೆಯೇ ಹಾದುಹೋಗಬೇಕು. ಅಲ್ಲಿ ಯಾರ ಯಾರನ್ನೋ ಕರೆದೊಯ್ಯಲು ಬಂದ ನೆಂಟರ ಗುಂಪು. ಗುಂಪಿನಿಂದ ಸ್ವಲ್ಪ ಆಚೆ ಕಂಬದ ಪಕ್ಕ ಒಬ್ಬ ನಿಂತಿದ್ದ. ಇಸ್ತ್ರಿ ಮಾಡಿದ ನೀಲಿ ಶರ್ಟು, ಒಂದೇ ಒಂದು ಬ್ಯಾಗು. ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನ ಹಿಂದೆ ಇಡುತ್ತಿದ್ದ. ಕಿತ್ತಳೆ ಜಾಕೆಟ್ ಇಲ್ಲದ್ದರಿಂದ ನಾನು ದಾಟಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದೆ.

"ಮೇಡಂ."

ನಿಂತೆ. ತಿರುಗಲು ಭಯವಾಯಿತು. ಆಮೇಲೆ ತಿರುಗಿದೆ.

"ಫೋನ್ ಬಣ್ಣದ ಡಬ್ಬಕ್ಕೆ ಬಿತ್ತು," ಎಂದ, ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲಿ. "ಇನ್ನೊಂದು ತಗೊಳ್ಳೋಕೆ ಪೇಟೆಗೆ ಹೋದವನು ಫೋನ್ ಬಿಟ್ಟು ಟಿಕೆಟ್ ತಗೊಂಡೆ. ನಾನು ವಿಮಾನ ಹತ್ತಿದ್ದು ಇದೇ ಮೊದಲು ಮೇಡಂ. ಎಲ್ಲ ಕಡೆ ವ್ಯಾನಲ್ಲೇ ಹೋದವನು ನೋಡಿ. ಕಿಟಕಿ ಪಕ್ಕ ಕೂತು ನನ್ನ ಗೆರೆ ಹುಡುಕಿದೆ. ಕಾಣಲೇ ಇಲ್ಲ. ಅಷ್ಟು ಮೇಲಿಂದ ನಿಮ್ಮ ದೀಪ ಮಾತ್ರ ಕಾಣ್ತಿತ್ತು. ನೋಡ್ತಾ ನೋಡ್ತಾ ಕಣ್ಣು ತುಂಬಿಬಂತು. ಪಕ್ಕದಲ್ಲಿದ್ದವರು ಭಯಾನಾ ಅಂತ ಕೇಳಿದ್ರು, ಹೂಂ ಅಂದೆ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಏನ್ ಕೆಲಸದ ಮೇಲೆ ಬಂದ್ರಿ?" ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಯಾವ ಕೆಲಸಾನೂ ಇಲ್ಲ."

"ಎಷ್ಟು ದಿನ ಇರ್ತೀರಿ?"

"ಕೆಲಸ ಬಂದಾಗ ಹೋಗ್ತೀನಿ. ಹೋಗ್ಲೇಬೇಕು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಇಷ್ಟು ವರ್ಷ ನನಗೆ ಗೊತ್ತಿರ್ಲಿಲ್ಲ. ಈಗ ಇಲ್ಲಿಗೆ ಬರ್ತೀನಿ. ನೀವು ಬೇಡ ಅನ್ನೋವರೆಗೂ."

"ನಾನು ಅನ್ನಲ್ಲ," ಎಂದೆ.

ಅಷ್ಟು ಜನರ ಎದುರಿಗೆ, ಯಾರು ನೋಡಿದರೂ ನೋಡಲಿ ಎಂದು, ಜೇಬಿಗೂ ಬೆನ್ನಿಗೂ ಅಲೆಯುತ್ತಿದ್ದ ಆ ಕೈಯನ್ನು ಹಿಡಿದುಕೊಂಡೆ. ಒರಟು ಕೈ, ಬೆಚ್ಚಗಿತ್ತು.

"ಮನೆಗೆ ಹೋಗೋಣ, ನಡೀರಿ."